ಅಕ್ಕಿಯ ಮೇಲೆ ಬರೆದ ಹೆಸರು

೨೧ ನವೆಂಬರ್ ೨೦೨೪, ಗುರುವಾರ

ಗೋದಾ. ಈ ಹೆಸರು ಬೆಳಗಿನಿಂದ ನನ್ನ ಬೆನ್ನು ಬಿಡುತ್ತಿಲ್ಲ.

ದಾಖಲೆ ಪತ್ರಗಳಲ್ಲೆಲ್ಲ ನನ್ನನ್ನು ‘ವಿಧವೆ’ ಎಂದು ತಿದ್ದಿಸಲು ಮದುವೆ ನೋಂದಣಿಯ ನಕಲು ಬೇಕಿತ್ತು. ಕಚೇರಿಯ ಹುಡುಗಿ ಕಂಪ್ಯೂಟರ್ ನೋಡಿ, “ಎರಡು ಎಂಟ್ರಿ ಇದೆಯಲ್ಲಮ್ಮ. ಯಜಮಾನ್ರೂ ಅವ್ರೇ, ಹೆಂಡ್ತಿ ಹೆಸ್ರೂ ಗೋದಾನೇ. ಮಧ್ಯ ನಾಲ್ಕು ವರ್ಷ ಗ್ಯಾಪು. ನಿಮ್ದು ಯಾವ್ದು?” ಎಂದಳು.

ಇವರ ಮೊದಲ ಹೆಂಡತಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಮನೆಯಲ್ಲಿ ‘ಮೊದಲನೆಯವಳು’ ಅನ್ನುತ್ತಿದ್ದರೇ ಹೊರತು ಯಾರೂ ಅವಳ ಹೆಸರು ಎತ್ತಿದವರಲ್ಲ. ನಮ್ಮ ಮದುವೆಯ ದಿನ ಇವರು ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ನನಗಿಟ್ಟ ಹೊಸ ಹೆಸರು ‘ಗೋದಾ’ ಎಂದು ಬರೆದರು. ಅಂದಿಗೆ ನನ್ನ ತವರಿನ ವನಿತಾ ಎಂಬುವಳು ಮುಗಿದಳು. ಎಷ್ಟು ಒಳ್ಳೆಯ ಹೆಸರು ಹುಡುಕಿದ್ದಾರೆ ಎಂದು ಹಿಗ್ಗಿದ್ದೆ, ಪೆದ್ದಿ.

“ಎರಡನೇದು” ಎಂದೆ. ಮನೆಗೆ ಮರಳುವಾಗ ಅಲ್ಲಾಳಸಂದ್ರದಲ್ಲಿ ಇಳಿಯಬೇಕಾದವಳು ಜಕ್ಕೂರು ದಾಟಿದರೂ ಬಸ್ಸಿನಲ್ಲೇ ಕೂತಿದ್ದೆ.

ಆಸ್ಪತ್ರೆಯಲ್ಲಿ ಕೊನೆಯ ದಿನ ಇವರು “ಗೋದಾ” ಎಂದು ಕರೆದರು. “ಇಲ್ಲೇ ಇದೀನ್ರೀ” ಎಂದು ಕೈ ಹಿಡಿದುಕೊಂಡೆ. ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ನನ್ನ ಹಿಂದಿನ ಬಾಗಿಲ ಕಡೆ ನೋಡಿ ನಕ್ಕಿದ್ದರು.