ನಾಲ್ಕು ಟೈರು, ಹನ್ನೊಂದು ದಿನ

ಮನೆಯ ಮುಂದಿನ ಕೋಣೆ, ಅಂದರೆ ನನ್ನ ಅಂಗಡಿ
ಮಂಗಳವಾರ, ಹದಿನೆಂಟನೇ ತಾರೀಖು, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಮಗಳೇ,

ಈ ಮನೆತನದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ (ಯಾರೂ ಬರೆಯುವುದಿಲ್ಲ, ಆದರೂ ದಾಖಲೆ ಸಿದ್ಧವಿರಲಿ) ಇವತ್ತಿನ ತಾರೀಖನ್ನು ದಪ್ಪ ಅಕ್ಷರದಲ್ಲಿ ಹಾಕಬೇಕೆಂದು ಕೋರುತ್ತೇನೆ. ನಲವತ್ತೊಂದು ವರ್ಷ ಪ್ಯಾಂಟು, ಷರಟು, ಶಾಲೆಮಕ್ಕಳ ಸಮವಸ್ತ್ರ ಹೊಲಿದುಕೊಂಡು ಬಂದ ನಿನ್ನ ಅಪ್ಪ ಇಂದಿನಿಂದ ಟೈರು ಓದಬಲ್ಲವನಾಗಿದ್ದಾನೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳನ್ನು ನೋಡಿ ಅದರ ಎತ್ತರ, ಅಗಲ, ಒಳಗಿನ ಚಕ್ರದ ಅಳತೆ ಮೂರನ್ನೂ ತಡವರಿಸದೆ ಹೇಳಬಲ್ಲ. ಕಳೆದ ವಾರದವರೆಗೂ ಆ ಅಂಕಿಗಳು ಕಂಪನಿಯವರ ಫೋನ್ ನಂಬರು ಅಂದುಕೊಂಡಿದ್ದೆ ಎಂಬುದನ್ನು ಚರಿತ್ರೆಯಲ್ಲಿ ಸೇರಿಸುವ ಅಗತ್ಯವಿಲ್ಲ.

ಅದೆಲ್ಲ ಆಮೇಲೆ. ಮೊದಲು ನಿನ್ನ ಸಮಾಚಾರ ಹೇಳು. ಊಟ ಸೇರುತ್ತಿದೆಯಾ? ದಿಂಬು ಬದಲಾಯಿಸಿಕೊಟ್ಟರಾ, ಇಲ್ಲ ಇನ್ನೂ ಆ ಇಟ್ಟಿಗೆಯ ಮೇಲೇ ತಲೆ ಇಡುತ್ತಿದ್ದೀಯಾ? ಪಕ್ಕದ ಹಾಸಿಗೆಯ ಅಜ್ಜಿ ಗೊರಕೆ ಕಡಿಮೆ ಮಾಡಿದರಾ? ದಿನಾ ಫೋನಿನಲ್ಲಿ ಮಾತಾಡುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆದರೆ ನಿನ್ನ ಅಮ್ಮ ಪಕ್ಕದಲ್ಲಿ ನಿಂತು ನನ್ನ ಪ್ರತಿ ವಾಕ್ಯಕ್ಕೂ ತಿದ್ದುಪಡಿ ತರುತ್ತಾಳೆ. ನೀನೋ, ಏನು ಕೇಳಿದರೂ "ಚೆನ್ನಾಗಿದೆ" ಅನ್ನುತ್ತೀಯ. ಊಟ ಚೆನ್ನಾಗಿದೆ, ಡಾಕ್ಟರು ಚೆನ್ನಾಗಿದ್ದಾರೆ, ಬ್ಯಾಂಡೇಜು ಚೆನ್ನಾಗಿದೆ. ನಾವೂ ಸರಿ ಸರಿ ಅಂದು ಫೋನ್ ಇಡುತ್ತೇವೆ. ಇಟ್ಟ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತ ಕೂರುತ್ತೇವೆ, ಅದು ಇನ್ನೇನೋ ಹೇಳುತ್ತದೆ ಅನ್ನುವ ಹಾಗೆ.

ಈಗ ಸುದ್ದಿ. ನೀರು ಕಚೇರಿಯ ಸಾಹೇಬರು ಒಂದು ದಿನ ಖುದ್ದಾಗಿ ಬಂದಿದ್ದರು. ಗುಡ್ಡದ ಪೈಪು ದಾರಿಯನ್ನು ಒಂದನೇ ತಾರೀಖಿನವರೆಗೆ ನಿನ್ನ ಹೆಸರಿನಲ್ಲೇ ಇಟ್ಟಿರುತ್ತಾರಂತೆ. ಅಷ್ಟರೊಳಗೆ ವಾಹನ ಸರಿಮಾಡಿಸಿಕೊಂಡು, ನೀನೇ ಓಡಿಸಿಕೊಂಡು ಕಚೇರಿ ಅಂಗಳಕ್ಕೆ ಬರಬೇಕು. ಬಾರದಿದ್ದರೆ ದಾರಿ ಬೇರೆಯವರಿಗೆ, ನಿನಗೆ ಮೀಟರ್ ಓದಿದ ಚೀಟಿಗಳನ್ನು ಜೋಡಿಸುವ ಮೇಜು. ಆ ಮೇಜನ್ನು ಹೋಗಿ ನೋಡಿಕೊಂಡು ಬಂದೆ. ಕಿಟಕಿಯೂ ಇಲ್ಲ, ಎದುರಿಗೆ ಒಂದು ಕಬ್ಬಿಣದ ಬೀರು. ಹನ್ನೊಂದು ಕಿಲೋಮೀಟರು ಗುಡ್ಡ ಹತ್ತಿ, ಒಂಬತ್ತು ವಾಲ್ವು ತಿರುಗಿಸಿ, ಮೈಯೆಲ್ಲ ಧೂಳು ಮಾಡಿಕೊಂಡು ಸೀಟಿ ಹಾಕುತ್ತ ಮನೆಗೆ ಬರುತ್ತಿದ್ದವಳನ್ನು ಆ ಬೀರುವಿನ ಎದುರು ಕೂರಿಸುವುದನ್ನು ಯೋಚಿಸಿ ಮನಸ್ಸು ಮಂಕಾಯಿತು. ಮೂರನೇ ವಾಲ್ವಿನ ಹತ್ತಿರ ಟೈರು ಸೀಳಿ, ವಾಹನ ಮಗುಚಿ, ನಿನ್ನ ಎಡಗಾಲು ಅದರಡಿ ಸಿಕ್ಕ ಜಾಗವನ್ನು ಯೋಚಿಸಿದಾಗ ಮಾತ್ರ ಆ ಬೀರು ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸಿತು. ಈ ಎರಡು ಯೋಚನೆಗಳ ನಡುವೆ ಹನ್ನೊಂದು ದಿನ ಓಡಾಡಿ ನನ್ನ ಮಂಡಿ ಸವೆದಿದೆ.

ನಿನ್ನ ಅಮ್ಮ ಕಪ್ಪೆ ಅಂತ ಕರೆಯುವ ನಿನ್ನ ನಾಲ್ಕು ಚಕ್ರದ ಬೈಕನ್ನು ಗ್ಯಾರೇಜಿನ ಮೇಸ್ತ್ರಿ ಎಳೆದು ತರಿಸಿದ. ಬೆಂಡಾದದ್ದನ್ನೆಲ್ಲ ನೆಟ್ಟಗೆ ಮಾಡಿದ. ಟೈರು ಮಾತ್ರ ನಾಲ್ಕೂ ಹೊಸದೇ ಬೇಕು, ಅಳತೆ ತನ್ನಿ ಅಂದ. ಅಳತೆ ಅನ್ನುವ ಶಬ್ದ ಕಿವಿಗೆ ಬಿದ್ದರೆ ನಾನು ಸುಮ್ಮನಿರುವ ಮನುಷ್ಯನೇ? ಕೊರಳಲ್ಲಿದ್ದ ಟೇಪು ತೆಗೆದು, ಕಪ್ಪೆಯ ಮುಂದೆ ಮಂಡಿಯೂರಿ, ನಾಲ್ಕೂ ಟೈರುಗಳ ಸುತ್ತಳತೆ ತೆಗೆದೆ. ತಲಾ ಎಪ್ಪತ್ತೆಂಟು ಇಂಚು. ಅಂಗಡಿಯ ಅಳತೆ ಪುಸ್ತಕದಲ್ಲಿ ಒಂದು ಹೊಸ ಪುಟ ತೆಗೆದು ಗಿರಾಕಿಯ ಜಾಗದಲ್ಲಿ ಕಪ್ಪೆ ಅಂತ ಬರೆದು, ಕೈರೂಢಿಯಿಂದ ನಾಲ್ಕು ಇಂಚು ಸಡಿಲ ಸೇರಿಸಿ ಎಂಬತ್ತೆರಡು ಮಾಡಿದೆ. ನನ್ನ ತಪ್ಪೇನು ಹೇಳು? ಎದೆ ಸುತ್ತಳತೆಗೆ ನಾಲ್ಕು ಇಂಚು ಸೇರಿಸದೆ ನಾನು ಈ ಜನ್ಮದಲ್ಲಿ ಷರಟು ಕತ್ತರಿಸಿಲ್ಲ. ತೊಟ್ಟವರು ಉಸಿರಾಡಬೇಡವೇ?

ಟೈರು ಅಂಗಡಿಯವನು ಯಾವ ಮಾತನ್ನೂ ಪೂರ್ತಿ ಮುಗಿಸುವವನಲ್ಲ, ಅದಕ್ಕೆ ಊರಿಗೆಲ್ಲ ಅವನು ಅರ್ಧಮಾತು. "ಕೆಸರಿಗಾದರೆ ಇದು, ಕಲ್ಲಿಗಾದರೆ…" ಅಂದು ಬಾಗಿಲ ಕಡೆ ನೋಡುತ್ತಾನೆ. ಉಳಿದರ್ಧವನ್ನು ನಾವು ಕುರ್ಚಿಯಲ್ಲಿ ಕೂತು ಊಹಿಸಬೇಕು. ಅವನಿಂದ ಒಂದೊಂದೇ ಅರ್ಧವನ್ನು ಎಳೆದು ಪೂರ್ತಿ ಮಾಡಿಕೊಳ್ಳಲು ನಾಲ್ಕು ದಿನ ಹಿಡಿಯಿತು. ನಿನ್ನ ಹಳೇ ಟೈರುಗಳು ಕೆಸರಿನವಂತೆ. ಹಲ್ಲು ಎತ್ತರ, ಹಲ್ಲುಗಳ ನಡುವೆ ಅಂತರ, ಪಕ್ಕದ ಗೋಡೆ ತೆಳು. ಕೆಸರಿನಲ್ಲಿ ರಾಜ, ಕಲ್ಲಿನ ಮೇಲೆ ಕಾಗದ. ಗುಡ್ಡದ ದಾರಿಗೆ ಹಲ್ಲು ಗಿಡ್ಡ, ಒತ್ತೊತ್ತಾಗಿ ಇರಬೇಕು, ಪಕ್ಕದ ಗೋಡೆಯ ಒಳಗೆ ಪದರಗಳು ಹೆಚ್ಚಿರಬೇಕು. ಕಲ್ಲು ಟೈರನ್ನು ಸೀಳುವುದು ಅಲ್ಲಿಯೇ, ನೆಲಕ್ಕೆ ತಾಗುವ ಕಡೆ ಅಲ್ಲ. ಹೊಲಿಗೆ ಬಿಡುವುದು ಪಕ್ಕದಲ್ಲೇ ಅನ್ನುವುದು ನನಗೆ ಹೊಸದಲ್ಲ. ನಿನ್ನ ಎಲ್ಲ ಬಟ್ಟೆಗೂ ಪಕ್ಕದಲ್ಲಿ ಜೋಡಿ ಹೊಲಿಗೆ ಹಾಕಿದವನು ಟೈರನ್ನು ಮಾತ್ರ ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

ಎಂಬತ್ತೆರಡರ ಸುತ್ತಳತೆಗೆ ಸರಿಯಾಗಿ ಅರ್ಧಮಾತು ಟೈರು ಕಳಿಸಿದ. ಮೇಸ್ತ್ರಿ ಮುಂದಿನ ಎಡಚಕ್ರಕ್ಕೆ ಒಂದನ್ನು ಹಾಕಿ ಹ್ಯಾಂಡಲ್ ತಿರುಗಿಸಿದ. ಟೈರು ಕಾಲಿಡುವ ಹಲಗೆಗೆ ಉಜ್ಜಿ ನರಳಿತು. ಮೇಸ್ತ್ರಿ ನನ್ನ ಅಳತೆ ಚೀಟಿ ನೋಡಿದ, ನನ್ನನ್ನು ನೋಡಿದ, ಮತ್ತೆ ಚೀಟಿ ನೋಡಿದ. "ಇದೇನ್ ಸ್ವಾಮಿ, ಇದು ಬೆಳೆಯೋ ಹುಡುಗೀನಾ, ಮುಂದಿನ ವರ್ಷಕ್ಕೂ ಆಗಲಿ ಅನ್ನೋಕೆ?" ಅಂದ. ಗ್ಯಾರೇಜಿನಲ್ಲಿ ಕಾಯುತ್ತಿದ್ದ ಲಾರಿ ಡ್ರೈವರು ನಕ್ಕು ನಕ್ಕು ಚಹಾ ಚೆಲ್ಲಿಕೊಂಡ. ಹಾಕದ ಮೂರು ಟೈರುಗಳನ್ನು ಅರ್ಧಮಾತು ವಾಪಸು ತೆಗೆದುಕೊಂಡ. ನಾಲ್ಕನೆಯದರ ಬಗ್ಗೆ "ಹಾಕಿದ್ದನ್ನು ನಾವು…" ಅಂದ. ಉಳಿದರ್ಧ ಈ ಸಲ ಯಾರಿಗೂ ಅರ್ಥವಾಗದೆ ಇರಲಿಲ್ಲ. ಅದು ಈಗ ನನ್ನ ಅಂಗಡಿಯಲ್ಲಿದೆ, ಪ್ಯಾಂಟಿನ ಉದ್ದ ಗುರುತು ಹಾಕುವಾಗ ಗಿರಾಕಿಗಳನ್ನು ಅದರ ಮೇಲೆ ನಿಲ್ಲಿಸುತ್ತೇನೆ. ಬಗ್ಗುವ ಕಷ್ಟ ಸ್ವಲ್ಪ ಕಡಿಮೆಯಾಗಿದೆ, ದೇವರು ದೊಡ್ಡವನು.

ಆಮೇಲೆ ಪದರದ ಜಗಳ. ಆರು ಪದರದ್ದೋ ಎಂಟು ಪದರದ್ದೋ? ನಾನು ಎಂಟು ಅಂದೆ. ಹದಿನಾರಿದ್ದರೆ ಹದಿನಾರೇ ಅನ್ನುತ್ತಿದ್ದೆ. ಗೋಡೆ ಕಟ್ಟಿಸಿ ಅದಕ್ಕೆ ಗಾಳಿ ತುಂಬಲು ಬರುವುದಾದರೆ ಅದನ್ನೇ ಹಾಕಿಸುತ್ತಿದ್ದೆ. ಮೇಸ್ತ್ರಿ ಒಪ್ಪಲಿಲ್ಲ. ಟೈರು ಗಟ್ಟಿಯಾದಷ್ಟೂ ಕುಲುಕನ್ನು ತಾನು ತಿನ್ನುವುದಿಲ್ಲ, ಸವಾರರ ಮೂಳೆಗೆ ದಾಟಿಸಿಬಿಡುತ್ತದೆ ಅಂದ. ಭಾರವೂ ಹೆಚ್ಚು, ಹ್ಯಾಂಡಲ್ ತಿರುಗಿಸಲು ತೋಳು ಸೋಲುತ್ತದೆ. ಮೂಳೆ ಅಂದ ಮೇಲೆ ನಾನು ವಾದ ನಿಲ್ಲಿಸಿದೆ. ಆದರೂ ಕಲ್ಲಿನ ನೆನಪಾಗಿ ಮರುದಿನ ಎಂಟಕ್ಕೆ ಬಂದೆ, ಅದರ ಮರುದಿನ ಆರಕ್ಕೆ. ಒಂದು ದಿನ ಟೈರು ಅಂಗಡಿ ವಾರದ ರಜೆ ಅಂತ ಗೊತ್ತಿದ್ದೂ ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದೆ. ಹೊಲಿಯಬೇಕಾದ ಸಮವಸ್ತ್ರ ಕತ್ತರಿಸಿಟ್ಟಲ್ಲೇ ಬಿದ್ದಿತ್ತು. ಮೆಷಿನ್ನಿನ ಮುಂದೆ ಕೂತರೆ ಕಾಲು ಪೆಡಲಿನ ಮೇಲೆ ಸುಮ್ಮನೆ ಇರುತ್ತಿತ್ತು. ಅಷ್ಟು ದಣಿದಿದ್ದೆ, ಮಾಡಿದ ಕೆಲಸ ಮಾತ್ರ ಏನೂ ಇಲ್ಲ.

ನಿನ್ನ ಅಮ್ಮ ಕಪ್ಪೆಯನ್ನು ಮಾರಿಬಿಡಿ ಅನ್ನುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಅವಳು ಹೇಳಿದರೆ ಒಪ್ಪಿಕೊಂಡು, ತಪ್ಪನ್ನು ಅವಳ ಮೇಲೆ ಹಾಕಿ ಆರಾಮವಾಗಿ ಮಲಗಬಹುದಿತ್ತು. ನಿನ್ನೆ ಮಧ್ಯಾಹ್ನ ಬಟ್ಟೆ ಮಡಚುತ್ತ, ನನ್ನ ಮುಖ ನೋಡದೆ ಹೇಳಿದಳು: "ಹನ್ನೊಂದು ದಿನ ಯಾರಾದರೂ ಟೈರ್ ನೋಡ್ತಾರೇನ್ರಿ? ಅವಳು ಹೋಗೋದು ಬೇಡ ಅಂತಿದ್ರೆ ಬಾಯಿಬಿಟ್ಟು ಅವಳಿಗೇ ಹೇಳಿ. ಇಲ್ಲ, ಎದ್ದು ಹೋಗಿ ಹಾಕಿಸಿ." ಅಷ್ಟೇ. ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಚಪ್ಪಲಿ ಮೆಟ್ಟಿದೆ.

ಆದ್ದರಿಂದ ಮಗಳೇ, ನಿನ್ನೆ ಸಂಜೆ ನಾಲ್ಕು ಗಂಟೆಗೆ ಕಪ್ಪೆಗೆ ಆರು ಪದರದ, ಗಿಡ್ಡ ಹಲ್ಲಿನ, ಇಪ್ಪತ್ತೈದು ಇಂಚಿನ ಟೈರುಗಳು ಬಂದಿವೆ. ಮುಂದಿನವು ಎಂಟಿಂಚು ಅಗಲ, ಹಿಂದಿನವು ಹತ್ತು. ಈ ಸಲ ಟೇಪು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆ. ಗಾಳಿ ಕಡಿಮೆಯೇ ಇರಬೇಕು, ಬೆರಳಲ್ಲಿ ಒತ್ತಿ ನೋಡದೆ ಮೀಟರಿನಲ್ಲೇ ನೋಡಬೇಕು, ಗುಡ್ಡ ಹತ್ತುವ ಮುಂಚೆ ಪ್ರತಿದಿನ ಪಕ್ಕದ ಗೋಡೆಗಳ ಮೇಲೆ ಕೈಯಾಡಿಸಬೇಕು. ಇದು ಮೇಸ್ತ್ರಿಯ ಮಾತು. ನಿಧಾನ ಹೋಗಬೇಕು ಅನ್ನುವುದು ನನ್ನ ಮಾತು, ಅದನ್ನು ನೀನು ಕೇಳುವುದಿಲ್ಲ ಅಂತ ಗೊತ್ತಿದ್ದೂ ಬರೆದಿದ್ದೇನೆ. ಹೋಗುವುದೋ ಬೀರುವಿನ ಎದುರು ಕೂರುವುದೋ ನೀನೇ ನೋಡಿಕೋ. ನಮ್ಮ ಕಡೆಯಿಂದ ಇನ್ನು ನೆಪ ಇಲ್ಲ.

ಅಮ್ಮ ನಿನ್ನ ತಲೆ ನೇವರಿಸಿದ್ದಾಳೆ ಅಂತ ತಿಳಿದುಕೋ. ಪಕ್ಕದ ಹಾಸಿಗೆಯ ಅಜ್ಜಿಗೆ ನಮ್ಮ ನಮಸ್ಕಾರ. ಹೊಟ್ಟೆ ತುಂಬ ಉಣ್ಣು, ನೂರು ಕಾಲ ಸುಖವಾಗಿರು.

ಇಂತಿ, ಮಂಡಿ ಸವೆದ
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಅಮ್ಮ ಬಿಡಿಸಿ ತಂದುಕೊಟ್ಟಳು, ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ ಅಂತ. ನಿನ್ನೆ ಟೈರು ಹಾಕಿ ಕೈ ಒರೆಸಿಕೊಳ್ಳುತ್ತ ಮೇಸ್ತ್ರಿ ಕೇಳಿದ: "ಗೇರು ಎತ್ತಿ ಹಾಕೋದು ಎಡಗಾಲಲ್ಲಿ ಅಲ್ವಾ? ಪಾದ ಮೇಲಕ್ಕೆ ಎತ್ತೋಕೆ ಬರುತ್ತಾ ಅವರಿಗೆ?" ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಅಮ್ಮನನ್ನು ಕೇಳಿದೆ, ಅವಳಿಗೂ ಗೊತ್ತಿಲ್ಲ. ಆರು ವಾರದಲ್ಲಿ ದಿಂಬಿನ ಬಗ್ಗೆ ಇಪ್ಪತ್ತು ಸಲ ವಿಚಾರಿಸಿದವರು ಇದನ್ನು ಒಂದು ಸಲವೂ ಕೇಳಲಿಲ್ಲ. ನೀನೂ ಹೇಳಲಿಲ್ಲ. ಬರದಿದ್ದರೆ ಕೈಯಲ್ಲಿ ಹಾಕುವ ಗೇರು ಕೂರಿಸಿಕೊಡುತ್ತಾನಂತೆ, ಅದೇನು ದೊಡ್ಡ ವಿಷಯವಲ್ಲವಂತೆ, ಆದರೆ ಅವನಿಗೆ ಎಂಟು ದಿನ ಬೇಕು. ಆದ್ದರಿಂದ ಈಗಲೇ ಹೊದಿಕೆ ಸರಿಸಿ, ಹಿಮ್ಮಡಿಯನ್ನು ಹಾಸಿಗೆಗೆ ಒತ್ತಿ, ಎಡಪಾದದ ಮುಂಭಾಗ ಮೇಲಕ್ಕೆ ಎತ್ತಿ ನೋಡು. ಎದ್ದರೆ ಹೌದು, ಇಲ್ಲದಿದ್ದರೆ ಇಲ್ಲ. ಫೋನಿನಲ್ಲಿ ಕೇಳಿದರೆ ಏನನ್ನುತ್ತೀಯ ಅಂತ ಗೊತ್ತು, ಅದಕ್ಕೇ ಕಾಗದದಲ್ಲಿ ಕೇಳುತ್ತಿದ್ದೇನೆ, "ಚೆನ್ನಾಗಿದೆ" ಅಂತ ಬರೆಯಬೇಡ. ಜೊತೆಗೆ ಒಂದು ಕಾರ್ಡು ಇಟ್ಟಿದ್ದೇನೆ, ವಿಳಾಸ ಬರೆದಿದ್ದೇನೆ, ಅಂಚೆಚೀಟಿಯನ್ನೂ ಹಚ್ಚಿದ್ದೇನೆ. ನರ್ಸಮ್ಮನ ಕೈಗೆ ಕೊಟ್ಟು ಗುರುವಾರ ಬೆಳಗಿನ ಅಂಚೆ ಡಬ್ಬಿಗೆ ಹಾಕಿಸು, ಶುಕ್ರವಾರ ನನಗೆ ಸಿಗಬೇಕು.