ನಿನ್ನ ಏಳು ನಾಯಿಗಳ ಕ್ಷೇಮಸಮಾಚಾರ

ಬರ್ಚ್ ಬೆಂಡ್, ಯೂಕಾನ್ ನದಿಯ ದಂಡೆ
೯ ಫೆಬ್ರುವರಿ ೧೯೫೪, ಮಂಗಳವಾರ

ಅಂಬ್ರೋಸ್,

ಹಿಂದಿನ ಕಾಗದಗಳ ಹಾಗೆ ‘ಪ್ರೀತಿಯ’ ಅಂತ ಶುರು ಮಾಡಲು ಈ ಸಲ ಕೈ ಏಳಲಿಲ್ಲ. ಆದರೂ ಕಾಯಿಲೆ ಬಿದ್ದವರನ್ನು ಮೊದಲು ವಿಚಾರಿಸಿ ಆಮೇಲೆ ಬೈಯಬೇಕು ಎಂದು ನನ್ನ ತಾಯಿ ಕಲಿಸಿದ್ದಾಳೆ, ಅದಕ್ಕೇ ವಿಚಾರಿಸುತ್ತೇನೆ. ಕೆಮ್ಮಿದಾಗ ರಕ್ತ ಬೀಳುವುದು ನಿಂತಿದೆಯಾ? ಬೆವರು ಕಡಿಮೆಯಾಗಿದೆಯಾ? ಕೊಟ್ಟ ಮಾತ್ರೆ ನುಂಗುತ್ತೀಯೋ, ಇಲ್ಲ ಹಾಸಿಗೆಯ ಕೆಳಗೆ ಬಚ್ಚಿಡುತ್ತೀಯೋ? ತೂಕ ಎಷ್ಟಾಗಿದೆ ಬರೆ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿಲ್ಲದಿದ್ದರೂ ನಿನಗೇನೂ ತಿಳಿಯುತ್ತಿರಲಿಲ್ಲ ಬಿಡು, ನೀನು ಕೇಳಿದವನೇ ಅಲ್ಲ.

ಸೆಪ್ಟೆಂಬರಿನಲ್ಲಿ ನಿನ್ನನ್ನು ವಿಮಾನ ಹತ್ತಿಸಿದ ಮೇಲೆ ನೀನು ಹನ್ನೊಂದು ಕಾಗದ ಬರೆದಿದ್ದೀಯ. ಹನ್ನೊಂದನ್ನೂ ನಿನ್ನೆ ಮೇಜಿನ ಮೇಲೆ ಹರಡಿಕೊಂಡು ಓದಿದೆ. ಪೆಗ್ಗಿ ಸರಿಯಾಗಿ ತಿನ್ನುತ್ತಾಳಾ, ಸ್ಮೋಕಿಯ ಹೆಗಲಿನ ಹುಣ್ಣು ಮಾಯಿತಾ, ಜಿಗ್ಸ್ ಹಗ್ಗ ಕಡಿಯುವುದನ್ನು ಬಿಟ್ಟನಾ, ಹೀಗೆ ಏಳು ನಾಯಿಗಳನ್ನೂ ಹೆಸರು ಹಿಡಿದು ಕೇಳಿದ್ದೀಯ. ನಿನಗೆ ಒಂಬತ್ತು ವರ್ಷದ ಮಗಳೊಬ್ಬಳಿದ್ದಾಳೆ, ಜಸ್ಟೀನ್ ಎಂದು. ಆ ಹೆಸರು ಹನ್ನೊಂದು ಕಾಗದಗಳಲ್ಲಿ ಒಂದೇ ಒಂದು ಸಲ ಬಂದಿದೆ, ಅದೂ ‘ಜಸ್ಟೀನ್ ನಾಯಿಗಳಿಗೆ ರೊಟ್ಟಿ ಹಾಕಿ ಅಭ್ಯಾಸ ಕೆಡಿಸದ ಹಾಗೆ ನೋಡಿಕೋ’ ಎಂಬ ಸಾಲಿನಲ್ಲಿ. ಆದ್ದರಿಂದ ನಾನೂ ನೀನು ಕೇಳಿದ್ದನ್ನೇ ಮೊದಲು ಬರೆಯುತ್ತೇನೆ. ಮಗಳ ಸುದ್ದಿ ಕೊನೆಗೆ, ಜಾಗ ಉಳಿದರೆ.

ಹೋದ ವಾರ ಬಂದ ಕಾಗದದಲ್ಲಿ ‘ಡಾಕ್ಟರು ಒಪ್ಪಲಿ ಬಿಡಲಿ, ಮಾರ್ಚ್ ಹದಿನೈದಕ್ಕೆ ಎದ್ದು ಬರುತ್ತೇನೆ, ನಾಯಿಗಳು ಪೂರ್ತಿ ಹಾಳಾಗುವ ಮುಂಚೆ’ ಎಂದು ಬರೆದಿದ್ದೀಯ. ಓದಿ ಮೈಯೆಲ್ಲ ಉರಿದುಹೋಯಿತು. ಅಲ್ಲಿ ಒಂದೂವರೆ ವರ್ಷ ಇರಬೇಕು ಎಂದರೆ ನೀನು ಆರು ತಿಂಗಳಿಗೇ ಹೊರಡುತ್ತೇನೆ ಅನ್ನುತ್ತೀಯ. ಟೈಟಸ್ ಮುದುಕನನ್ನು ಮರೆತೆಯಾ? ಅವನೂ ಹೀಗೇ ಕ್ಷಯದ ಆಸ್ಪತ್ರೆಯಿಂದ ಹೇಳದೆ ಕೇಳದೆ ಬಂದ. ಊರೆಲ್ಲ ಸೇರಿ ಮೀನಿನ ಸಾರು ಮಾಡಿ ಅವನಿಗೆ ಬಡಿಸಿದೆವು, ನೀನು ಪಿಟೀಲು ಬಾರಿಸಿದೆ. ಮುಂದಿನ ಬೇಸಿಗೆಯೊಳಗೆ ಅವನ ಹೆಂಡತಿ, ಅವನ ಮೊಮ್ಮಗ ಇಬ್ಬರೂ ಗುಡ್ಡದ ಮೇಲೆ ಹೋಗಿ ಮಲಗಿದರು. ಮುದುಕ ಇನ್ನೂ ಬದುಕಿದ್ದಾನೆ. ದಿನಾ ಬಾಗಿಲಲ್ಲಿ ಕೂತಿರುತ್ತಾನೆ, ಅವನನ್ನು ಯಾರೂ ಮಾತಾಡಿಸುವುದಿಲ್ಲ. ನಿನಗೆ ಆ ಬಾಳು ಬೇಕಿದ್ದರೆ ಬಾ.

ನಾಯಿ ಹಾಳಾಗುತ್ತವಂತೆ. ಯಾರ ಕೈಯಲ್ಲಿ ಹಾಳಾದವು ಅಂತ ಆಮೇಲೆ ಬರೆಯುತ್ತೇನೆ. ಮೊದಲು ನಿನ್ನ ಉಪದೇಶಗಳಿಗೆ ಉತ್ತರ ತೆಗೆದುಕೋ. ಗೂಡಿಗೆ ಕಂಬಳಿ ಹಾಸಬೇಡ, ಒದ್ದೆಯಾಗಿ ಹಲಗೆಯಾಗುತ್ತದೆ, ಒಣಹುಲ್ಲು ಹಾಕು ಎಂದು ಮೂರು ಕಾಗದದಲ್ಲಿ ಬರೆದಿದ್ದೀಯ. ಆ ಹುಲ್ಲನ್ನು ಆಗಸ್ಟಿನಲ್ಲಿ ಕೆರೆಯಂಚಿನಿಂದ ಕೊಯ್ದು ತಂದವಳು ಯಾರು? ನೀನು ಆಗ ದೋಣಿಯಲ್ಲಿ ಮಲಗಿ ಕೆಮ್ಮುತ್ತಿದ್ದೆ. ವಾರಕ್ಕೊಮ್ಮೆ ಹಳೆಯ ಹುಲ್ಲು ತೆಗೆದು ಹೊಸದು ಹಾಕುತ್ತೇನೆ, ಅಡಿಗೆ ಸ್ಪ್ರೂಸ್ ಮರದ ಸೊಪ್ಪು. ಗೂಡಿನ ಬಾಯಿಗಳನ್ನು ನದಿಯ ಗಾಳಿಗೆ ಬೆನ್ನು ಮಾಡಿ ತಿರುಗಿಸಿದ್ದೇನೆ. ನೀನು ಅವನ್ನು ಹತ್ತು ವರ್ಷ ನದಿಯ ಕಡೆಗೇ ಇಟ್ಟಿದ್ದೆ, ಕಿಟಕಿಯಿಂದ ನಾಯಿಗಳ ಮುಖ ನಿನಗೆ ಕಾಣಲಿ ಎಂದು. ನಾಯಿಗೆ ಚಳಿಯಾದರೂ ಸರಿ, ಯಜಮಾನನಿಗೆ ಮುಖ ಕಾಣಬೇಕು.

ಊಟದ ವಿಷಯ. ಒಣಮೀನು ತಲೆಗೊಂದು ಹಾಕು ಸಾಕು ಎಂದಿದ್ದೀಯ. ಸಾಕಾಗುವುದಿಲ್ಲ. ಸೊನ್ನೆಗಿಂತ ಐವತ್ತು ಕೆಳಗೆ ಹೋದಾಗ ಓಡುವ ನಾಯಿಗೆ ಒಂದು ಮೀನು ಹಲ್ಲಿನ ಸಂದಿಗೂ ಬರುವುದಿಲ್ಲ. ಪೀಪಾಯಿಯಲ್ಲಿ ಮೀನು, ಅಕ್ಕಿ, ಮೂಸ್ ಕಡವೆಯ ಕೊಬ್ಬು ಹಾಕಿ ಬೇಯಿಸಿ, ಬಿಸಿ ಆರುವ ಮುಂಚೆ ನೀರುನೀರಾಗಿ ಹಾಕುತ್ತೇನೆ. ಬರೀ ನೀರಿಟ್ಟರೆ ಅವು ಮೂಸಿಯೂ ನೋಡುವುದಿಲ್ಲ, ಹಿಮ ತಿಂದು ಮೈ ಕಾವು ಕಳೆದುಕೊಳ್ಳುತ್ತವೆ. ಇದನ್ನು ನಾನು ನಿನ್ನಿಂದ ಕಲಿತದ್ದಲ್ಲ. ನಿನ್ನ ಅತ್ತೆಯಿಂದ, ಅಂದರೆ ಅವಳು ಬದುಕಿರುವ ತನಕ ನೀನು ‘ಮುದುಕಿಗೆ ನಾಯಿ ಗೊತ್ತಾ’ ಎಂದು ನಗುತ್ತಿದ್ದ ನನ್ನ ತಾಯಿಯಿಂದ. ಗಂಡು ನಾಯಿಗಳ ಕಿಬ್ಬೊಟ್ಟೆಗೆ ಮೊಲದ ಚರ್ಮದ ಪಟ್ಟಿ ಹೊಲಿದು ಕಟ್ಟಿದ್ದೇನೆ. ಊರಿನ ಗಂಡಸರೆಲ್ಲ ನೋಡಿ ಹಲ್ಲು ಕಿಸಿದರು. ಜನವರಿಯ ಚಳಿಯಲ್ಲಿ ಅವರವರ ನಾಯಿಗಳಿಗೆ ಅಲ್ಲೇ ಹಿಮ ಹೊಡೆದಾಗ ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಬಂದು, ‘ಅಕ್ಕಾ, ಆ ಪಟ್ಟಿ ನಮಗೂ ಒಂದೆರಡು ಹೊಲ್ಕೊಡ್ತೀಯಾ’ ಅಂದರು. ಹೊಲಿದುಕೊಟ್ಟೆ. ಬೈದುಕೊಂಡೇ ಕೊಟ್ಟೆ.

‘ಅವು ನನ್ನ ದನಿ ಬಿಟ್ಟು ಯಾರ ಮಾತೂ ಕೇಳುವುದಿಲ್ಲ, ನೀನು ಓಡಿಸಲು ಹೋಗಬೇಡ, ಕಟ್ಟಿಹಾಕಿ ಅನ್ನ ಹಾಕು ಸಾಕು’ ಎಂದು ನಾಲ್ಕನೆಯ ಕಾಗದ. ಚಳಿಗಾಲ ಪೂರ್ತಿ ಕಟ್ಟಿಹಾಕಿದ ನಾಯಿಗಳು ಒಂದನ್ನೊಂದು ಕಚ್ಚಿ ತಿನ್ನುತ್ತವೆ. ಅಕ್ಟೋಬರಿನಿಂದ ದಿನ ಬಿಟ್ಟು ದಿನ ಓಡಿಸಿದೆ, ಮೊದಲು ಎರಡು ಮೈಲಿ, ಆಮೇಲೆ ಐದು, ಆಮೇಲೆ ಹತ್ತು. ಮೊದಲ ವಾರ ನನ್ನನ್ನು ವಿಲೋ ಪೊದೆಗೆ ಎಸೆದು ಹೋದದ್ದು ನಿಜ, ಹಲ್ಲೊಂದು ಅಲ್ಲಾಡುತ್ತಿದೆ. ನೀನು ಬಲಕ್ಕೆ ‘ಜೀ’, ಎಡಕ್ಕೆ ‘ಹಾ’ ಎಂದು ಅರಚುವುದು ಆಚೆ ದಂಡೆಗೆ ಕೇಳುತ್ತಿತ್ತು, ತಿರುಗದಿದ್ದರೆ ಸರಪಳಿ ಬೀಸುತ್ತಿದ್ದೆ. ನಾನು ಮೆಲ್ಲಗೆ ಹೇಳುತ್ತೇನೆ, ತಿರುಗಿದರೆ ಒಂದು ಚೂರು ಕೊಬ್ಬು. ತಿರುಗದಿದ್ದರೆ ನಿಲ್ಲಿಸಿ ಸುಮ್ಮನೆ ಕೂರುತ್ತೇನೆ. ಓಡುವ ಹುಚ್ಚಿರುವ ನಾಯಿಗೆ ನಿಲ್ಲಿಸುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಕ್ರಿಸ್ಮಸ್ಸಿನ ಹೊತ್ತಿಗೆ ಜಸ್ಟೀನ್ ಹೇಳಿದರೂ ಏಳೂ ನಾಯಿ ತಿರುಗುತ್ತಿದ್ದವು. ಜಂಬ ಕೊಚ್ಚಿಕೊಂಡರೆ ಕೆಡುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ನಾನು ಮನಸ್ಸಿನಲ್ಲಿ ಕೊಚ್ಚಿಕೊಂಡಿರಬೇಕು.

ಏಕೆಂದರೆ ಡಿಸೆಂಬರ್ ಇಪ್ಪತ್ತೆಂಟಕ್ಕೆ ನಿನ್ನ ತಮ್ಮ ಕ್ಲೆಮೆಂಟ್ ಮೇಲಿನ ಗುಡಿಸಲಿನಿಂದ ಇಳಿದು ಬಂದ. ಒಳಗೆ ಬಂದವನು ಚಹಾ ಕುಡಿಯಲಿಲ್ಲ, ಕೈಗವಸು ತೆಗೆಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ‘ಅತ್ತಿಗೆ, ನನ್ ಮೇಲೆ ಸಿಟ್ಟು ಮಾಡ್ಕೋಬೇಡಿ, ಅಣ್ಣನೇ ಬರ್ದಿರೋದು’ ಎಂದು ಒಂದು ಕಾಗದ ಚಾಚಿದ. ನಿನ್ನ ಕೈಬರಹ. ‘ಮಡಲಿನ್ ಕೈಯಲ್ಲಿ ಬಿಟ್ಟರೆ ವಸಂತದ ಹೊತ್ತಿಗೆ ನಾಯಿಗಳ ಚರ್ಮ ಮಾತ್ರ ಉಳಿಯುತ್ತದೆ, ನೀನು ಹೋಗಿ ಹೊಡೆದುಕೊಂಡು ಬಾ, ಅವಳಿಗೆ ಮೊದಲೇ ಹೇಳಬೇಡ, ರಂಪ ಮಾಡುತ್ತಾಳೆ.’ ಹದಿಮೂರು ವರ್ಷ ನಿನ್ನ ಮೀನು ಸೀಳಿದ್ದೇನೆ, ನಿನ್ನ ಬೂಟು ಹೊಲಿದಿದ್ದೇನೆ, ನೀನು ಕೆಮ್ಮಿ ತುಂಬಿಸಿದ ಡಬ್ಬಿಯನ್ನು ದಿನಾ ನಾನೇ ಸುಟ್ಟಿದ್ದೇನೆ. ನೀನು ನನಗೆ ಒಂದು ಮಾತು ಬರೆಯದೆ ತಮ್ಮನ ಹತ್ತಿರ ಚಾಡಿ ಹೇಳಿದೆ. ನಾನು ರಂಪ ಮಾಡಲಿಲ್ಲ. ನಾಯಿಗಳನ್ನು ಬಿಚ್ಚಿಕೊಟ್ಟೆ. ಜಸ್ಟೀನ್ ಖಾಲಿ ಗೂಡಿನೊಳಗೆ ಹೋಗಿ ಕೂತು ಎರಡು ಗಂಟೆ ಹೊರಗೆ ಬರಲಿಲ್ಲ.

ಇನ್ನು ನಾಯಿ ಬಲ್ಲ ಗಂಡಸಿನ ಪ್ರತಾಪ ಕೇಳು. ಜನವರಿ ಹನ್ನೊಂದರಂದು ಕ್ಲೆಮೆಂಟ್ ಬೇಟೆಯ ಬೋನುಗಳನ್ನು ನೋಡಿಕೊಂಡು ಬರಲು ಹೋದ. ಹಿಮ ಗಟ್ಟಿ ಪದರ ಕಟ್ಟಿ ಗಾಜಿನ ಹಾಗಿತ್ತಂತೆ, ಬಂಡಿಯ ಮುಂದಾಳು ಪೆಗ್ಗಿಯ ಪಾದ ಕೊಯ್ಯುತ್ತದೆಂದು ಮೂಸ್ ಚರ್ಮದ ಬೂಟು ಹಾಕಿದ. ಅದು ಸರಿ. ಜಾರಬಾರದೆಂದು ದಾರ ಬಿಗಿದು ಕಟ್ಟಿದ. ಓಡುವಾಗ ಅದೂ ನಡೆಯುತ್ತದೆ. ಗುಡಿಸಲಿಗೆ ಬಂದ ಮೇಲೆ ಮೊದಲು ಬಿಚ್ಚಬೇಕಾದದ್ದು ಆ ದಾರ. ಗಂಟು ಮಂಜುಗಟ್ಟಿತ್ತು, ಬೆರಳು ಜೋಮು ಹಿಡಿದಿತ್ತು, ‘ಬೆಳಗ್ಗೆ ಬಿಚ್ಚಿದ್ರಾಯ್ತು ಅಂದ್ಕೊಂಡೆ ಅತ್ತಿಗೆ’ ಅಂದ. ಮಲಗಿದ ನಾಯಿಯ ಪಾದ ಊದುತ್ತದೆ, ಊದಿದ ಪಾದಕ್ಕೆ ದಾರ ಉರುಳಾಗುತ್ತದೆ, ರಕ್ತ ಇಳಿಯದ ಬೆರಳು ಕಲ್ಲಾಗುತ್ತದೆ. ನಮ್ಮೂರಿನ ಮಕ್ಕಳಿಗೂ ಗೊತ್ತಿರುವ ವಿಷಯ. ಬೆಳಗ್ಗೆ ನೋಡಿ ಗಾಬರಿಯಾಗಿ ಆ ಪಾದವನ್ನು ಒಲೆಗೆ ಹಿಡಿದನಂತೆ. ಬುದ್ಧಿ ಎಲ್ಲಿ ಮಾರಿಕೊಂಡಿದ್ದನೋ.

ಸುದ್ದಿ ಬಂದ ದಿನವೇ ಜಸ್ಟೀನಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟೆ. ಹಿಮದ ಮೆಟ್ಟು ಕಟ್ಟಿಕೊಂಡು ಹನ್ನೆರಡು ಮೈಲಿ ನಡೆದೆ. ಕ್ಲೆಮೆಂಟ್ ಬಾಗಿಲು ತೆಗೆದವನು ನನ್ನ ಮುಖ ನೋಡಿ ಹಿಂದಕ್ಕೆ ಸರಿದ. ಅವನಿಗೆ ಏನೇನು ಅಂದೆನೋ ಎಲ್ಲವನ್ನೂ ಇಲ್ಲಿ ಬರೆಯಲಾರೆ, ಆಸ್ಪತ್ರೆಯಲ್ಲಿ ಕಾಗದಗಳನ್ನು ನರ್ಸುಗಳು ಓದುತ್ತಾರಂತೆ. ಅದರಲ್ಲಿ ಅರ್ಧ ನಿನಗೆ ಸೇರಬೇಕಾದದ್ದು, ಪಾಪ ಅವನು ಪೂರ್ತಿ ತಿಂದ. ‘ಅಣ್ಣ ಬಂದು ಕೇಳಿದ್ರೆ ಏನಂತ ಹೇಳ್ಲಿ’ ಎಂದು ಅತ್ತ. ‘ಅವನು ಬರಲ್ಲ, ನಾನು ಬಿಡಲ್ಲ ಅಂತ ಹೇಳು’ ಅಂದೆ. ಪೆಗ್ಗಿಯನ್ನು ಜಾರುಬಂಡಿಯಲ್ಲಿ ಮಲಗಿಸಿ, ಮುಂದೆ ಸ್ಮೋಕಿಯನ್ನು ಕಟ್ಟಿದೆ. ಅವನು ಎಂದೂ ಮುಂದೆ ಓಡಿದವನಲ್ಲ. ಮೆಲ್ಲಗೆ ‘ಹಾ’ ಅಂದೆ, ನದಿಯ ಕಡೆಗೆ ತಿರುಗಿದ. ಕ್ಲೆಮೆಂಟ್ ಬಾಯಿ ತೆರೆದು ನೋಡುತ್ತಿದ್ದ.

ಪೆಗ್ಗಿಯ ಮುಂದಿನ ಎಡಪಾದದ ಎರಡು ಬೆರಳು ಕಪ್ಪಾಗಿ ಬಿದ್ದುಹೋದವು. ಗಾಯ ಈಗ ಒಣಗಿದೆ, ಕುಂಟುತ್ತಾಳೆ. ಇನ್ನೆಂದೂ ಅವಳು ಬಂಡಿಯ ಮುಂದೆ ಓಡುವುದಿಲ್ಲ. ನಿನಗೆ ಇದನ್ನು ಓದಿ ಸಂಕಟವಾಗುತ್ತದೆ ಎಂದು ಗೊತ್ತು, ಆಗಲಿ. ಅವಳನ್ನು ಮನೆಯೊಳಗೆ ಒಲೆಯ ಹಿಂದೆ ಮಲಗಿಸಿದ್ದೇನೆ. ‘ನಾಯಿಯನ್ನು ಒಳಗೆ ಸೇರಿಸಿದರೆ ಒಳಗೂದಲು ಉದುರುತ್ತದೆ, ಆಮೇಲೆ ಹೊರಗಿನ ಚಳಿಗೆ ಸಾಯುತ್ತದೆ’ ಎಂದು ನೀನು ಆರು ಕಾಗದದಲ್ಲಿ ಬರೆದಿದ್ದೀಯ. ನೀನು ಬರೆದದ್ದರಲ್ಲಿ ಅದೊಂದು ಮಾತು ಖರೆ. ಉದುರುತ್ತಿದೆ, ಸಾರಿನಲ್ಲೂ ಸಿಗುತ್ತದೆ. ಈ ಚಳಿಗಾಲ ಮುಗಿಯುವ ತನಕ ಅವಳನ್ನು ಹೊರಗೆ ಹಾಕುವ ಹಾಗಿಲ್ಲ, ಹಾಕುವುದೂ ಇಲ್ಲ.

ಉಳಿದ ಆರೂ ಗಟ್ಟಿಯಾಗಿವೆ. ಬೆರಳಿನ ಸಂದಿಯ ಕೂದಲು ಕತ್ತರಿಸಿದ್ದೇನೆ, ಮಂಜಿನ ಉಂಡೆ ಕಟ್ಟುತ್ತಿಲ್ಲ. ಹತ್ತಿರದ ಬೋನುಗಳನ್ನು ನಾನೇ ನೋಡಿಕೊಂಡು ಬರುತ್ತೇನೆ, ಕಟ್ಟಿಗೆ ಎಳೆದು ತರುತ್ತೇನೆ. ಹೆಂಗಸು ಬೇಟೆಯ ಸಾಮಾನು ಮುಟ್ಟಿದರೆ ಅದೃಷ್ಟ ಹೋಗುತ್ತದೆ ಎಂದು ಹಿರಿಯರು ಗೊಣಗಿದರು. ಅದೃಷ್ಟ ಇದ್ದಿದ್ದರೆ ಈ ಸ್ಥಿತಿ ಏಕೆ ಬರುತ್ತಿತ್ತು, ಹೋಗಲು ಇನ್ನೇನು ಉಳಿದಿದೆ ಅಂದೆ. ಈಗ ನಿನಗೆ ಮನೆಗೆ ಓಡಿಬರಲು ನಾಯಿಗಳ ನೆಪ ಇಲ್ಲ. ಮಾರ್ಚ್ ಹದಿನೈದಕ್ಕೆ ಬಂದೆಯೋ, ಬಾಗಿಲಿಗೆ ಅಗುಳಿ ಹಾಕುತ್ತೇನೆ. ಬೆದರಿಕೆಗೆ ಬರೆದ ಮಾತಲ್ಲ ಇದು, ನನ್ನನ್ನು ನೀನು ಬಲ್ಲೆ. ಡಾಕ್ಟರು ಹೋಗು ಎಂದು ಬರೆದುಕೊಟ್ಟ ಕಾಗದ ಕೈಯಲ್ಲಿ ಹಿಡಿದು ಬಾ, ಆಗ ನಿನಗಿಷ್ಟದ ಮೂಸ್ ಮೂಗು ಬೇಯಿಸಿ ಇಟ್ಟಿರುತ್ತೇನೆ.

ಕ್ಲೆಮೆಂಟ್ ಎರಡು ಸಲ ಮಾಂಸ ತಂದು ಬಾಗಿಲಲ್ಲಿಟ್ಟು ಹೋದ. ಅವನಿಗೆ ಬೈದು ಬರೆಯಬೇಡ. ಪಾದ್ರಿಗಳು ನಿನಗಾಗಿ ಪ್ರಾರ್ಥಿಸುತ್ತಾರಂತೆ. ನಾನೂ ಮಾಡುತ್ತೇನೆ, ಹಲ್ಲು ಕಚ್ಚಿಕೊಂಡು. ದೇವರು ನಿನ್ನ ಎದೆಯನ್ನು ವಾಸಿ ಮಾಡಲಿ, ತಲೆಯನ್ನೂ ಸ್ವಲ್ಪ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಮಡಲಿನ್

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಇವತ್ತು ಗುರುವಾರ, ವಿಮಾನ ಇಳಿದಿದೆ, ಪೈಲಟ್ ಅವಸರ ಮಾಡುತ್ತಿದ್ದಾನೆ. ನವೆಂಬರಿನಲ್ಲಿ ಶಾಲೆಯಲ್ಲಿ ನರ್ಸು ಮಕ್ಕಳದೆಲ್ಲ ಎದೆಯ ಚಿತ್ರ ತೆಗೆದಿದ್ದಳು. ಶನಿವಾರ ಉತ್ತರ ಬಂತು. ಜಸ್ಟೀನಳ ಬಲಗಡೆಯ ಶ್ವಾಸಕೋಶದಲ್ಲಿ ಮಚ್ಚೆ ಇದೆ. ಯಾರಿಂದ ಬಂತು ಎಂದು ನಾನು ಬರೆಯುವುದಿಲ್ಲ. ಅವಳನ್ನು ನೀನಿರುವ ಆಸ್ಪತ್ರೆಗೇ ಕಳಿಸುತ್ತಿದ್ದಾರೆ, ಮಕ್ಕಳ ವಾರ್ಡಿಗೆ. ಈ ಕಾಗದ ಅವಳ ಕೋಟಿನೊಳಗೆ ಇಡುತ್ತಿದ್ದೇನೆ, ಅವಳೇ ತರುತ್ತಾಳೆ. ನೀನು ಅಲ್ಲಿಂದ ಎದ್ದು ಬಂದರೆ ಅಲ್ಲಿ ಅವಳು ಒಬ್ಬಳೇ ಆಗುತ್ತಾಳೆ. ಎಷ್ಟು ದಿನ ಅಮ್ಮ ಎಂದು ಕೇಳಿದಳು, ನದಿಯ ಮಂಜು ಒಡೆಯುವ ತನಕ ಅಂದೆ. ನಿಜವನ್ನು ನೀನು ಹೇಳು, ನನ್ನ ಬಾಯಿಂದ ಹೊರಡಲಿಲ್ಲ.