ಮಾವನವರ ಮ್ಯಾಚ್ ಪಾಯಿಂಟ್

ನವೆಂಬರ್ 7, ಶುಕ್ರವಾರ

ಅಕ್ಕಿ ರೊಟ್ಟಿ ತಟ್ಟುತ್ತಲೇ ಮಾವನಿಗೆ ಟೆನಿಸ್ ಪಾಠ. ಕಾಲೇಜಿನಲ್ಲಿ ಆಡುತ್ತಿದ್ದೆ ಅಂತ ಗೊತ್ತಾದಾಗಿನಿಂದ ಇದೇ ಕೆಲಸ. ಚೆಂಡು ಎರಡು ಸಲ ಪುಟಿದರೆ ಪಾಯಿಂಟ್ ಹೋಯ್ತು. ಮೈಗೆ ತಗುಲಿದರೂ ಹೋಯ್ತು. ಇಷ್ಟು ವರ್ಷ ಹುಣಸೂರು ಕ್ಲಬ್ಬಿನಲ್ಲಿ ಬಾಯಿಮಾತಿನ ರೂಲ್ಸಲ್ಲೇ ಆಡಿದ್ದಾರೆ. ಜಗಳವನ್ನೂ ಆಡಿದ್ದಾರೆ.

ಭಾನುವಾರ ಫೈನಲ್. ಎದುರಿಗೆ ಟಿಂಬರ್ ಡಿಪೋ ಬಷೀರ್ ಸಾಬರು, ಹಳೇ ಗೆಳೆಯರು. ಅವರನ್ನು ಮಾವ ಒಮ್ಮೆಯೂ ಗೆದ್ದಿಲ್ಲ. ಮುಂದಿನ ತಿಂಗಳು ಮಂಡಿ ಆಪರೇಷನ್ — ಆಮೇಲೆ ಮ್ಯಾಚ್ ಇಲ್ಲ. ಅಂಪೈರ್ ನಾನಂತೆ. ಹೊಸ ಸೊಸೆ, ಎಲ್ಲರೆದುರು ಎತ್ತರದ ಕುರ್ಚಿಯಲ್ಲಿ... ಭಯ. ಖುಷಿಯೂ.

ನವೆಂಬರ್ 9, ಭಾನುವಾರ, ಮಧ್ಯಾಹ್ನ

ಊಟ ಸೇರಲಿಲ್ಲ.

ಮ್ಯಾಚ್ ಪಾಯಿಂಟ್ ಮಾವನದೇ. ನೆಟ್ ಹತ್ತಿರ ನುಗ್ಗಿ ಹೊಡೆದರು, ಬಷೀರ್ ಸಾಬರಿಗೆ ಎಟುಕಲೇ ಇಲ್ಲ. ಆದರೆ ಬಗ್ಗಿದ ರಭಸಕ್ಕೆ ಕೊರಳಿನ ಲಿಂಗದ ಕರಡಿಗೆ ಶರ್ಟಿಂದ ಹೊರಬಂದು ನೆಟ್ಟಿಗೆ ತಗುಲಿತು. ಚೆಂಡು ಇನ್ನೂ ಎರಡನೇ ಸಲ ಪುಟಿದಿರಲಿಲ್ಲ. ಆಟ ನಡೆಯುವಾಗ ಮೈಮೇಲಿನದು ಏನೇ ನೆಟ್ ಮುಟ್ಟಿದರೂ ಪಾಯಿಂಟ್ ಎದುರಿನವರಿಗೆ. ಬೇರೆ ಯಾರೂ ನೋಡಿರಲಿಲ್ಲ. ಆಗಲೇ ಚಪ್ಪಾಳೆ ಶುರುವಾಗಿತ್ತು. ಪಾಯಿಂಟ್ ಬಷೀರ್ ಸಾಬರದು ಅಂತ ಹೇಳಿದೆ.

ಆಮೇಲೆ ಮಾವನಿಗೆ ಆಟ ಕೂಡಿಬರಲಿಲ್ಲ. ಸೋತರು.

ಲಿಂಗಕ್ಕೂ ರೂಲ್ಸು ಹಾಕ್ತಾರಾ ಅಂತ ಅತ್ತೆ ಒಂದೇ ಸಲ ಕೇಳಿದರು. ಮಾವ ನನ್ನ ಕಡೆ ನೋಡದೆ ರೂಮಿಗೆ ಹೋದರು.

ನವೆಂಬರ್ 11, ಮಂಗಳವಾರ

ಕಾಫಿ ಕೊಟ್ಟರೆ ಮಾವ ತಲೆ ಎತ್ತದೆ ತಗೊಂಡರು. ಎರಡು ದಿನ ಬುಡು, ಸರಿಹೋಯ್ತದೆ ಅಂದರು ನನ್ನ ಯಜಮಾನರು. ಹೋಗದಿದ್ದರೆ? ನನಗೆ ಈ ಮನೆಯಲ್ಲಿ ಮೊದಲು ಹಿಡಿಸಿದ್ದೇ ಮಾವ. ಪಿರಿಯಾಪಟ್ಟಣಕ್ಕೆ, ಅಮ್ಮನಿಗೆ ಫೋನ್ ಮಾಡಿಲ್ಲ. ಮಾಡಿದರೆ ಅತ್ತುಬಿಡುತ್ತೇನೆ.

ನವೆಂಬರ್ 14, ಶುಕ್ರವಾರ, ಬೆಳಿಗ್ಗೆ

ಮಾವ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ತಪ್ಪಾಯ್ತು ಅನ್ನೋಕೆ ಹೋದೆ. ಬೇಡ ಅಂತ ಕೈ ಆಡಿಸಿದರು.

"ತಗುಲಿದ್ದು ನಂಗೂ ಗೊತ್ತಾಯ್ತು ಕಣವ್ವ. ನೀನು ಏಳ್ದೆ ಇದ್ದಿದ್ರೆ ಗೆದ್ದೆ ಅಂತ ಸುಮ್ಕಿದ್ಬುಡ್ತಿದ್ದೆ. ಅದ್ಕೇ ನಿನ್ ಮಕ ನೋಡಕ್ಕಾಗ್ನಿಲ್ಲ."

ನಾನು ಕೋಪ ಅಂದುಕೊಂಡಿದ್ದೆ. ಇಷ್ಟು ದಿನವೂ... ಅತ್ತುಬಿಟ್ಟೆ. ಅವರೂ ಕಣ್ಣೊರೆಸಿಕೊಂಡರು.

ಆಪರೇಷನ್ ತನಕ ದಿನಾ ಬೆಳಿಗ್ಗೆ ಅವರ ಜೊತೆ ಆಡಬೇಕಂತೆ. ಅಂಪೈರ್ ಯಾರು ಅಂದೆ. ನನ್ ತಪ್ಪು ನಾನೇ ಏಳ್ತೀನಿ ಅಂದರು.

ಗೇಟಲ್ಲಿ ಮಾವನ ಸ್ಕೂಟರ್ ಹಾರ್ನ್. ಶೂ ಲೇಸ್ ಇನ್ನೂ ಕಟ್ಟಿಲ್ಲ —